ಹಿತ್ತಲ ಬಾಗಿಲಿಗೆ ಬಂದ ಪ್ರವಾಸಿಗರು

ಹುಬ್ಬಳ್ಳಿ
೨೪ ಜೂನ್ ೨೦೨೪

ಕರೀಮಾಬಿ ಅವರಿಗೆ,

ಕ್ಷೇಮ ಎಂದು ಬರೆದು ಕಾಗದ ಶುರು ಮಾಡುವುದು ರೂಢಿ. ನಾನು ಕ್ಷೇಮವಾಗಿದ್ದರೆ ನಿಮಗೆ ಕಾಗದ ಬರೆಯುತ್ತಲೇ ಇರಲಿಲ್ಲ. ನಾವಿಬ್ಬರೂ ಮಾತು ಬಿಟ್ಟು ಮೂರು ವರ್ಷವಾಯಿತು. ಮಾತು ಬಿಟ್ಟವರು ಫೋನ್ ಮಾಡಿದರೆ ಮಾತು ಬಿಟ್ಟದ್ದಕ್ಕೆ ಅರ್ಥವಿಲ್ಲ. ಕಾಗದ ಬರೆಯುವುದಿಲ್ಲವೆಂದು ಮಾತ್ರ ನಾವು ಯಾರೂ ಆಣೆ ಮಾಡಿಲ್ಲ.

ವಿಷಯ ನಿಮ್ಮ ಮಗಳು ಯಾಸ್ಮಿನಳದು. ಸ್ಟೇಶನ್ ರಸ್ತೆಯಲ್ಲಿ, ನಮ್ಮ ಓಣಿಯ ತುದಿಗಿರುವ ಹೋಟೆಲಿನ ರಿಸೆಪ್ಶನ್ನಿನಲ್ಲಿ ನನ್ನ ಮಗ ಕುಮಾರಸ್ವಾಮಿ ಕೆಲಸಕ್ಕಿರುವುದು ನಿಮಗೆ ಗೊತ್ತೇ ಇದೆ. ಅಪ್ಪನ ಅರಳೆ ಅಂಗಡಿ ಬಿಟ್ಟು ಅಲ್ಲಿಗೇಕೆ ಹೋದನೆಂದು ನನಗೆ ಆಗಲೇ ಅನುಮಾನವಿತ್ತು, ಅದಿರಲಿ. ಈ ಬೇಸಿಗೆಯಿಂದ ನಿಮ್ಮ ಮಗಳು ಪ್ರತಿ ರವಿವಾರ ಬೆಳಿಗ್ಗೆ ಧಾರವಾಡದ ಬಸ್ಸಿಗೆ ಬಂದಿಳಿಯುತ್ತಾಳೆ. ಹೋಟೆಲಿನಲ್ಲಿ ಇಳಿದುಕೊಂಡ ಪರ ಊರಿನವರನ್ನು ಸಾಲು ಹಚ್ಚಿ ಊರೊಳಗೆ ನಡೆಸಿಕೊಂಡು ಹೊರಡುತ್ತಾಳೆ. ಕಾರಿನಲ್ಲಿ ಹೋದರೆ ಕಾಣದ್ದು ಕಾಲ್ನಡಿಗೆಯಲ್ಲಿ ಕಾಣುತ್ತದಂತೆ.

ಭವಾನಿಶಂಕರ ಗುಡಿ ತೋರಿಸಲಿ, ಮೂರುಸಾವಿರ ಮಠ ತೋರಿಸಲಿ, ಮೇದಾರ ಓಣಿಯಲ್ಲಿ ಬುಟ್ಟಿ ಹೆಣೆಯುವುದನ್ನು ತೋರಿಸಲಿ, ದುರ್ಗದಬೈಲಿನಲ್ಲಿ ಗಿರಮಿಟ್ಟು ತಿನ್ನಿಸಲಿ. ಯಾರು ಬೇಡವೆಂದರು? ಆದರೆ ನಮ್ಮ ಓಣಿಯಲ್ಲಿ ನೋಡುವಂಥದ್ದು ಏನಿದೆ? ಆ ಜನ ನಿಮ್ಮ ಹಳೆಯ ಮನೆಗೂ ನಮ್ಮ ಮನೆಗೂ ನಡುವಿನ ಸಂದಿಯಲ್ಲಿ ಬಂದು ನನ್ನ ಹಿತ್ತಲ ಬಾಗಿಲ ಮುಂದೆ ನಿಲ್ಲುತ್ತಾರೆ. ನಿಮ್ಮ ಮಗಳು ಇಂಗ್ಲಿಷಿನಲ್ಲಿ ಏನೋ ಹೇಳುತ್ತಾಳೆ. ಮೊದಲು ಎಲ್ಲರೂ ನಗುತ್ತಾರೆ, ಆಮೇಲೆ ಎಲ್ಲರೂ ಸುಮ್ಮನಾಗುತ್ತಾರೆ. ಹೋದ ವಾರ ಒಬ್ಬ ಬಿಳಿ ಹೆಂಗಸು ಕಣ್ಣೊರೆಸಿಕೊಂಡಳು. ನಾನು ಬಾಗಿಲ ಈಚೆ ಮೊರದಲ್ಲಿ ಬೇಳೆ ಹಸನು ಮಾಡುತ್ತ ಕೂತಿದ್ದೆ. ನನ್ನ ಬಾಗಿಲು ನೋಡಿ ಅಳುವಂಥದ್ದು ನನಗೇ ಗೊತ್ತಿಲ್ಲದೆ ಏನು ನಡೆದಿದೆ?

ಇನ್ನೊಂದು ಮಾತು. ರವಿವಾರ ಎಂಟರೊಳಗೆ ಎಂದೂ ಏಳದ ನನ್ನ ಮಗ ಈಗ ಆರಕ್ಕೇ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು, ಆ ಸಾಲಿನ ಹಿಂದೆ ನೀರಿನ ಬಾಟಲಿ ಹೊತ್ತು ನಡೆಯುತ್ತಾನೆ. ರಿಸೆಪ್ಶನ್ನಿನವನಿಗೆ ನೀರು ಹೊರುವ ಕೆಲಸ ಯಾರು ಹೇಳಿದರು? ನೀವೂ ತಾಯಿ. ನಾನು ಏನು ಕೇಳುತ್ತಿದ್ದೇನೆಂಬುದು ನಿಮಗೆ ತಿಳಿಯುತ್ತದೆ.

ಇತಿ,
ಶಿವಬಸವ್ವ

*

ಲಕಮನಹಳ್ಳಿ, ಧಾರವಾಡ
೮ ಜುಲೈ ೨೦೨೪

ಶಿವಬಸಕ್ಕನವರಿಗೆ ಕರೀಮಾಬಿಯ ಸಲಾಂ.

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ನಿಮ್ಮದೆಂದು ಗುರುತು ಹಿಡಿದೆ. ಸಿಟ್ಟಿನಲ್ಲಿ ಬರೆದದ್ದಾದರೂ ನಿಮ್ಮ ಕಾಗದವಲ್ಲವೇ. ಮಗ ಮುಕ್ತಾರನ ಗ್ಯಾರೇಜಿನ ಮೇಲೆಯೇ ನಮ್ಮ ಮನೆ. ಇಡೀ ದಿನ ಗಡಗಡ ಸದ್ದು. ಆ ಸದ್ದಿನಲ್ಲೇ ಕೂತು ಮೂರು ಸಲ ಓದಿದೆ.

ಯಾಸ್ಮಿನ ಇತಿಹಾಸ ಕಲಿತವಳು. ಹಳೆಯ ಕಲ್ಲು, ಹಳೆಯ ಕಟ್ಟಿಗೆ ಕಂಡರೆ ಅವಳಿಗೆ ಊಟ ಬೇಡ. ಆ ಹೋಟೆಲಿನವರಿಗೆ ಈ ನಡಿಗೆಯ ವಿಚಾರ ಹೇಳಿ ಒಪ್ಪಿಸಿದವನು ಕುಮಾರಸ್ವಾಮಿಯೇ. ಅಷ್ಟು ಉಪಕಾರ ಮಾಡಿದ್ದಾನೆ. ನಿಮ್ಮ ಹಿತ್ತಲ ಬಾಗಿಲಿನ ಸಾಗವಾನಿ ಕೆತ್ತನೆ ಊರಲ್ಲಿ ಮತ್ತೆಲ್ಲೂ ಇಲ್ಲವೆಂದು ಅವಳು ಹೇಳುತ್ತಾಳೆ.

ಉಳಿದ ವಿಷಯಕ್ಕೆ ನೀವು ನಿಶ್ಚಿಂತರಾಗಿರಿ. ಅದು ಆಗುವ ಮಾತಲ್ಲ. ಆದರೆ ಒಂದು ಬೇಡಿಕೊಳ್ಳುತ್ತೇನೆ. ನನಗೆ ಬರೆದದ್ದನ್ನು ಓಣಿಯಲ್ಲಿ ಇನ್ನೊಬ್ಬರ ಕಿವಿಗೆ ಹಾಕಬೇಡಿ. ಈಗಿನ ದಿನ ಹೇಗಿವೆ ಎಂದು ನಾನು ಹೇಳಬೇಕಾಗಿಲ್ಲ. ನಿಮಗಾದರೆ ಅದು ಒಂದು ಅನುಮಾನ. ನನಗೆ ಅದು ಬೆಳೆದ ಮಗಳು.

ನಿಮ್ಮ ಯಜಮಾನರಾದ ಸಿದ್ದಲಿಂಗಪ್ಪಣ್ಣನವರಿಗೆ ಸಲಾಂ ತಿಳಿಸಿರಿ.

ನಿಮ್ಮ,
ಕರೀಮಾಬಿ

*

ಹುಬ್ಬಳ್ಳಿ
೫ ಆಗಸ್ಟ್ ೨೦೨೪, ಶ್ರಾವಣ ಸೋಮವಾರ

ಕರೀಮಾಬಿ ಅವರಿಗೆ,

ನಿಮ್ಮ ಕಾಗದದಲ್ಲಿ ಸಲಾಂ ಎರಡಿವೆ, ಉತ್ತರ ಒಂದೂ ಇಲ್ಲ.

ಆಗುವ ಮಾತಲ್ಲ ಎಂದು ಬರೆದಿದ್ದೀರಿ. ಯಾಕೆ ಆಗುವ ಮಾತಲ್ಲ? ನಾನು ಆಗಬಾರದು ಎನ್ನುವುದು ಬೇರೆ, ನೀವು ಆಗುವುದಿಲ್ಲ ಎನ್ನುವುದು ಬೇರೆ. ನನ್ನ ಮಗನಿಗೆ ಏನು ಕಡಿಮೆಯಾಗಿದೆ? ಆರಡಿ ಆಳು, ಡಿಗ್ರಿ ಆಗಿದೆ, ಎಲೆ ಅಡಿಕೆ ಸಹ ಹಾಕುವುದಿಲ್ಲ. ಓದಿದಾಗ ಮೈ ಉರಿಯಿತು. ಆಮೇಲೆ ನಾನು ಯಾಕೆ ಉರಿದುಕೊಳ್ಳುತ್ತಿದ್ದೇನೆಂದು ನನಗೇ ನಗೆ ಬಂತು. ಆದರೂ ಹೇಳುತ್ತೇನೆ: ಕಾರಣ ಹೇಳದೆ ಆಗುವುದಿಲ್ಲ ಎನ್ನುವವರ ಬಳಿ ಕಾರಣ ಇದ್ದೇ ಇರುತ್ತದೆ, ಅದನ್ನು ಮುಚ್ಚಿಟ್ಟಿರುತ್ತಾರೆ.

ಸಾಗವಾನಿ ಕೆತ್ತನೆಯ ಮಾತನ್ನೂ ನಾನು ನಂಬಲಿಲ್ಲ. ಹೋದ ರವಿವಾರ ಆ ಜನ ಬಂದಾಗ ಬಾಗಿಲು ತೆರೆದು ಕಸ ಗುಡಿಸುವ ನೆವದಿಂದ ಹೊರಗೆ ನಿಂತೆ. ನನ್ನನ್ನು ಕಂಡು ನಿಮ್ಮ ಮಗಳು ಜನರನ್ನು ಮುಂದೆ ನಡೆಸಿದಳು. ಸಾಲಿನಲ್ಲಿ ಪುಣೆಯ ಹೆಂಗಸೊಬ್ಬಳಿದ್ದಳು. ಆಕೆಯನ್ನು ಹಿಂದೆ ನಿಲ್ಲಿಸಿ ನನಗೆ ಬರುವಷ್ಟು ಮರಾಠಿಯಲ್ಲಿ ಕೇಳಿದೆ. ಈ ಬಾಗಿಲಿನಿಂದ ಒಂದು ಮನೆಯ ಕೂಸು ಇನ್ನೊಂದು ಮನೆಗೆ ಹೋಗಿಬರುತ್ತಿತ್ತೆಂದು ಆ ಹುಡುಗಿ ದಾರಿಯಲ್ಲಿ ಹೇಳಿದಳಂತೆ. ಹೇಳಿ ಆಕೆ ನನ್ನ ಕೈ ಹಿಡಿದು ಅದುಮಿದಳು. ಅಂದರೆ ಚಿಕ್ಕಂದಿನಿಂದ ಆಚೆ ಈಚೆ ಓಡಾಡಿದ ತನ್ನ ಕಥೆಯನ್ನೂ ನನ್ನ ಮಗನ ಕಥೆಯನ್ನೂ ನಿಮ್ಮ ಮಗಳು ನನ್ನ ಮನೆಯ ಮುಂದೆಯೇ ನಿಂತು ಊರವರಿಗೆ ಹಂಚುತ್ತಿದ್ದಾಳೆ. ಇದನ್ನು ಬೇರೆ ಹೇಗೆ ತಿಳಿಯಬೇಕು?

ಮುಚ್ಚಿಡುವುದು ನಿಮಗೆ ಹೊಸದೇನಲ್ಲ. ನಮ್ಮ ಅತ್ತೆ ಸಂಗವ್ವ ಸಾಯುವ ಹಿಂದಿನ ದಿನ ಸೊಸೆಯಾದ ನನ್ನನ್ನು ಹೊರಗೆ ಕಳಿಸಿ, ನಿಮ್ಮನ್ನು ಒಳಗೆ ಕರೆದು ಬಾಗಿಲು ಹಾಕಿಸಿದರು. ಏನು ಹೇಳಿದರೆಂದು ನಾನು ಕೇಳಿದೆ, ನೀವು ಹೇಳಲಿಲ್ಲ. ಏನು ಕೊಟ್ಟರೆಂದು ಕೇಳಿದೆ, ನೀವು ಎದ್ದು ಹೋದಿರಿ. ಅಂದು ಬಿಟ್ಟ ಮಾತು ಇದು.

ನಮ್ಮ ಹುಡುಗನಿಗೆ ಅಮ್ಮಿನಬಾವಿಯಿಂದ ಹೆಣ್ಣು ಬಂದಿದೆ. ಆರತಿ ಎಂದು ಹೆಸರು, ಸಾಲಿ ಟೀಚರು. ಹೊಲಮನೆ ಇದ್ದ ಜನ, ಮಠಕ್ಕೆ ನಡೆದುಕೊಳ್ಳುವವರು. ಶ್ರಾವಣ ಕಳೆದ ಮೇಲೆ ಮಾತುಕತೆಗೆ ಬರುತ್ತಾರೆ. ಅಷ್ಟರೊಳಗೆ ಈ ಗೋಜಲು ಬಿಡಿಸಬೇಕು. ಇದು ಮುರಿದರೆ ಮತ್ತೆ ಇಂಥ ಸಂಬಂಧ ನಮಗೆ ಬರುವುದಿಲ್ಲ.

ಇತಿ,
ಶಿವಬಸವ್ವ

*

ಲಕಮನಹಳ್ಳಿ
೧೪ ಆಗಸ್ಟ್ ೨೦೨೪

ಅಕ್ಕಾ,

ಸಂಗವ್ವ ಅತ್ತಿಯವರು ಆ ದಿನ ನನಗೆ ಏನೂ ಕೊಡಲಿಲ್ಲ. ನನ್ನಿಂದ ಒಂದು ವಚನ ತೆಗೆದುಕೊಂಡರು. ಕೊಟ್ಟವರಿಗೆ ಸಾವು ಬಂದಿದ್ದರೆ ಬೇರೆ ಮಾತು, ತೆಗೆದುಕೊಂಡವರು ಸತ್ತಿದ್ದಾರೆ. ಇನ್ನು ಯಾರನ್ನು ಕೇಳಿ ಬಿಡಿಸಿಕೊಳ್ಳಲಿ?

ಆ ಹಿತ್ತಲ ಬಾಗಿಲಿನ ಬಳಿ ಇನ್ನು ನಿಲ್ಲಬಾರದೆಂದು ಯಾಸ್ಮಿನಳಿಗೆ ಬೈದು ಹೇಳಿದ್ದೇನೆ. ಆರತಿಯ ಸಂಬಂಧ ಒಳ್ಳೆಯದಾಗಲಿ. ದಯಮಾಡಿ ಇನ್ನು ಕೇಳಬೇಡಿ.

ಕರೀಮಾಬಿ

*

ಹುಬ್ಬಳ್ಳಿ
೨ ಸೆಪ್ಟೆಂಬರ್ ೨೦೨೪

ಕರೀಮಾಬಿ ಅವರಿಗೆ,

ಇನ್ನು ಕೇಳುವುದಿಲ್ಲ. ಕಣ್ಣಾರೆ ನೋಡಿದ್ದೇನೆ.

ನಿನ್ನೆ ರವಿವಾರ ಆ ಸಾಲಿನ ಹಿಂದೆ ನಾನೂ ನಡೆದೆ. ಕೊಡೆ ಬಿಚ್ಚಿ ಮುಖಕ್ಕೆ ಮರೆ ಹಿಡಿದು, ಕಾಯಿಪಲ್ಲೆ ಚೀಲ ತೂಗಿಕೊಂಡು, ಪೇಟೆಗೆ ಹೊರಟವಳ ಹಾಗೆ. ಮಗನ ಹಿಂದೆ ಪತ್ತೇದಾರಳಾಗಿ ಹೊರಟವಳು ಎಂದು ನೀವು ನಗಬಹುದು. ನಗಿರಿ.

ಭವಾನಿಶಂಕರ ಗುಡಿಯಲ್ಲಿ ನಿಮ್ಮ ಮಗಳು ಕೈ ಎತ್ತಿ ಮೇಲಿನ ಕಲ್ಲು ತೋರಿಸಿದಳು. ಮದುವೆಯಾಗಿ ಬಂದಾಗಿನಿಂದ ಆ ಗುಡಿಗೆ ಹೋಗುತ್ತೇನೆ, ಕಣ್ಣು ಮುಚ್ಚಿ ಕೈ ಮುಗಿದು ಬಂದಿದ್ದೇನೆ. ಛತ್ತಿನಲ್ಲಿ ಅಷ್ಟು ಹೂವು ಕೆತ್ತಿದ್ದಾರೆಂದು ನಿನ್ನೆ ಗೊತ್ತಾಯಿತು. ಮೇದಾರ ಓಣಿಯಲ್ಲಿ ಮುದುಕಿಯೊಬ್ಬಳು ಬಿದಿರು ಸೀಳುವುದನ್ನು ಅವರೆಲ್ಲ ಬಾಯಿ ತೆರೆದು ನೋಡಿದರು. ನಾನೂ ನೋಡಿದೆ. ನಿಮ್ಮ ಹುಡುಗಿ ಚೆನ್ನಾಗಿ ಮಾತಾಡುತ್ತಾಳೆ, ಸುಳ್ಳು ಯಾಕೆ ಹೇಳಲಿ. ಹಾಗೆ ಮಾತಾಡುವವಳಾದ್ದರಿಂದಲೇ ನನಗೆ ಹೆಚ್ಚು ಭಯ. ನಮ್ಮ ಸಂದಿಗೆ ಅವಳು ಹೋಗಲಿಲ್ಲ, ಆ ಮಾತು ಉಳಿಸಿಕೊಂಡಿದ್ದೀರಿ.

ನಡಿಗೆ ಮುಗಿದು ಪ್ರವಾಸಿಗರು ನಾಷ್ಟಾಕ್ಕೆ ಒಳಗೆ ಹೋದರು. ಇವರಿಬ್ಬರು ಹೋಟೆಲಿನ ಹಿಂದಿನ ಅಂಗಳಕ್ಕೆ ಹೋದರು. ಅಲ್ಲಿ ಬೇವಿನ ಗಿಡದ ಕೆಳಗೆ ಕಟ್ಟೆಯಿದೆ. ನಾನು ಕಂಪೌಂಡಿನ ಆಚೆ ನಿಂತಿದ್ದೆ. ನಿಮ್ಮ ಮಗಳು ಡಬ್ಬಿ ತೆರೆದಳು, ನನ್ನ ಮಗ ಅದರಲ್ಲಿ ಕೈ ಹಾಕಿ ತಿಂದ. ಆಮೇಲೆ ಅವಳು ತಲೆಯ ಮೇಲಿನ ಓಢಣಿ ಪೂರ್ತಿ ತೆಗೆದಳು. ಕೂದಲು ಕೊಡವಿದಳು. ಪಿನ್ನುಗಳನ್ನು ಒಂದೊಂದಾಗಿ ತೆಗೆದು ನನ್ನ ಮಗನ ಅಂಗೈಯಲ್ಲಿ ಇಟ್ಟಳು. ಅವನು ಏನೋ ಅಂದ, ಅವಳು ಅವನ ಬೆನ್ನಿಗೆ ಒಂದು ಗುದ್ದಿದಳು. ನಿಧಾನವಾಗಿ ಜಡೆ ಹೆಣೆದುಕೊಂಡಳು. ಅಷ್ಟರಲ್ಲಿ ಅಡುಗೆಯವನೊಬ್ಬ ಬಕೆಟ್ ಹಿಡಿದು ಬಂದ. ಕೂಡಲೇ ಓಢಣಿ ತಲೆಯ ಮೇಲೆ ಬಂತು. ಅವನು ಹೋದ, ಓಢಣಿ ಮತ್ತೆ ಕೆಳಗಿಳಿಯಿತು.

ಕರೀಮಾಬಿ, ಇಷ್ಟು ವರ್ಷ ಹಿತ್ತಲಿಗೆ ಹಿತ್ತಲು ಹಚ್ಚಿ ಬಾಳಿದ್ದೇನೆ. ನಿಮ್ಮ ಮನೆಯ ರೀತಿ ನನಗೆ ಗೊತ್ತಿಲ್ಲವೇ? ನನ್ನ ಗಂಡ ತಾಟು ವಾಪಸು ಕೊಡಲು ಬಂದರೂ ಯಾಸ್ಮಿನ ಓಢಣಿ ಎಳೆದುಕೊಳ್ಳದೆ ಬಾಗಿಲಿಗೆ ಬಂದವಳಲ್ಲ. ನಿಮ್ಮ ಹುಡುಗಿಯರು ತಲೆ ತೆರೆಯುವುದು ತಂದೆಯ ಮುಂದೆ, ಅಣ್ಣತಮ್ಮಂದಿರ ಮುಂದೆ, ಗಂಡನ ಮುಂದೆ. ನನ್ನ ಮಗ ಅವಳ ತಂದೆಯಲ್ಲ, ಅಣ್ಣನಲ್ಲ. ಉಳಿದದ್ದು ಏನೆಂದು ನನ್ನ ಕೈಯಿಂದ ಬರೆಸಬೇಡಿ. ನಮಗೆ ತಿಳಿಯದ ಹಾಗೆ ನಿಕಾಹ್ ಮುಗಿಸಿದ್ದೀರಾ? ರಾತ್ರಿ ಊಟ ಸೇರಲಿಲ್ಲ.

ಅಮ್ಮಿನಬಾವಿಯವರು ಬರುವ ಮೊದಲು ನನಗೆ ಖರೆ ಗೊತ್ತಾಗಬೇಕು. ಬರುವ ರವಿವಾರದೊಳಗೆ ನಿಮ್ಮ ಉತ್ತರ ಬರದಿದ್ದರೆ ಸೋಮವಾರ ಹೋಟೆಲಿನ ಮ್ಯಾನೇಜರರ ಬಳಿ ಹೋಗುತ್ತೇನೆ. ನಡಿಗೆಯೂ ನಿಲ್ಲುತ್ತದೆ, ಹುಡುಗಿಯ ಕೆಲಸವೂ ಹೋಗುತ್ತದೆ. ಆಮೇಲೆ ಓಣಿಯವರಿಗೂ ತಿಳಿಯುತ್ತದೆ, ಏನೇನಾಗುತ್ತದೋ ನಾನು ಹೊಣೆಯಲ್ಲ.

ಶಿವಬಸವ್ವ

*

ಲಕಮನಹಳ್ಳಿ
೫ ಸೆಪ್ಟೆಂಬರ್ ೨೦೨೪

ಅಕ್ಕಾ,

ಮುಕ್ತಾರನ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ, ಟಪಾಲಿಗೆ ಬಿಡುವಷ್ಟು ಧೈರ್ಯವಿಲ್ಲ.

ನೀವು ಮೂವರನ್ನು ಎಣಿಸಿದಿರಿ. ತಂದೆ ಅಲ್ಲ ಎಂದಿರಿ, ಸರಿ. ಅಣ್ಣನಲ್ಲ ಎಂದಿರಿ, ಅಲ್ಲಿ ತಪ್ಪಿದಿರಿ. ಕುಮಾರಸ್ವಾಮಿ ಯಾಸ್ಮಿನಳಿಗೆ ಅಣ್ಣ. ಬಾಯಿಮಾತಿಗೆ ಕರೆಯುವ ಅಣ್ಣನಲ್ಲ. ಅವರಿಬ್ಬರ ನಿಕಾಹ್ ಮಾಡಿಸುತ್ತೇನೆಂದರೆ ಯಾವ ಮೌಲ್ವಿಯೂ ಓದುವುದಿಲ್ಲ, ನಮ್ಮಲ್ಲಿ ಅದು ಹರಾಮು. ಅವನ ಮುಂದೆ ಅವಳು ತಲೆ ಮುಚ್ಚಬೇಕಾಗಿಲ್ಲ, ಮುಕ್ತಾರನ ಮುಂದೆ ಹೇಗೆ ಮುಚ್ಚುವುದಿಲ್ಲವೋ ಹಾಗೆ.

ಕುಮಾರಸ್ವಾಮಿ ಹುಟ್ಟಿದಾಗ ನಿಮಗೆ ಬಾಣಂತಿ ಜ್ವರ ನೆತ್ತಿಗೇರಿತ್ತು. ದವಾಖಾನೆಯಲ್ಲಿ ನಿಮಗೆ ಯಾರ ಗುರುತೂ ಇರಲಿಲ್ಲ. ಕೂಸನ್ನು ಮನೆಗೆ ತಂದಿದ್ದರು. ಆಕಳ ಹಾಲು ಹಾಕಿದರೆ ಕಕ್ಕುತ್ತಿತ್ತು. ಡಬ್ಬಿಯ ಹಾಲೂ ನಿಲ್ಲಲಿಲ್ಲ. ಅಳುವ ದನಿಯೂ ಸಣ್ಣದಾಗುತ್ತ ಬಂದಿತ್ತು, ನಮ್ಮ ಹಿತ್ತಲಿಗೆ ಕೇಳುತ್ತಿತ್ತು. ಆಗ ಮುಕ್ತಾರ ನನ್ನ ಮಡಿಲಲ್ಲಿದ್ದ. ನಮ್ಮ ಮನೆಯ ನೀರು ಸಹ ಮುಟ್ಟದ ಸಂಗವ್ವ ಅತ್ತಿಯವರು ಒಂದು ಮಧ್ಯಾಹ್ನ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಆ ಹಿತ್ತಲ ಬಾಗಿಲಿನಿಂದ ಬಂದರು. ನಿಂತೇ ಇದ್ದರು, ಕೂಡಲಿಲ್ಲ.

“ಕರೀಮಾ, ನಿನ್ನ ಮುಕ್ತಾರನ ಪಾಲಿನಾಗ ಇದಕ್ಕೊಂದಿಷ್ಟು ಕೊಡವಾ,” ಅಂದರು.

ಅವನು ಹಿಡಿದು ಕುಡಿದ, ಅಕ್ಕಾ. ಕುಡಿದು ಕಕ್ಕಲಿಲ್ಲ. ನೀವು ಹುಷಾರಾಗಿ ಮನೆಗೆ ಬರುವತನಕ ದಿನಾಲೂ ಕುಡಿದ. ಅತ್ತಿಯವರೇ ತರುತ್ತಿದ್ದರು, ಅವರೇ ಒಯ್ಯುತ್ತಿದ್ದರು. ನೀವು ಬರುವ ಹಿಂದಿನ ದಿನ ನನ್ನ ಕೈ ಹಿಡಿದು, “ನನ್ನ ಸೊಸಿಗಿ ಇದನ್ನ ಎಂದೂ ಹೇಳಬ್ಯಾಡ. ಆಕಿ ಕೂಸಿನ ಮಾರಿ ನೋಡಿದಾಗೊಮ್ಮೆ ತನಗಾಗಲಿಲ್ಲಂತ ಅಳ್ತಾಳ,” ಎಂದು ವಚನ ಕೇಳಿದರು. ಜನಕ್ಕೆ ಅಂಜಿದ್ದೂ ಇರಬಹುದು. ಆದರೆ ನಾನು ಅವರ ಕಣ್ಣು ನೋಡಿದ್ದೇನೆ, ಅವರು ನಿಮಗಾಗಿಯೇ ಕೇಳಿದರು. ಸಾಯುವ ಹಿಂದಿನ ದಿನ ಬಾಗಿಲು ಹಾಕಿಸಿ ಕೇಳಿದ್ದೂ ಅದನ್ನೇ. ಕೇಳಿ, ನನ್ನ ಕೈಯನ್ನು ತಮ್ಮ ಕಣ್ಣಿಗೆ ಒತ್ತಿಕೊಂಡರು.

ನನ್ನ ಮಕ್ಕಳಿಗೆ ಮಾತ್ರ ಹೇಳಿದ್ದೆ. ನಮ್ಮಲ್ಲಿ ಒಂದೇ ಎದೆಯ ಹಾಲು ಕುಡಿದವರು ಒಡಹುಟ್ಟಿದವರೇ. ಇದನ್ನು ಮಕ್ಕಳಿಂದ ಮುಚ್ಚಿಡುವಂತಿಲ್ಲ, ತಿಳಿಯದೆ ಸಂಬಂಧ ಬೆಳೆದರೆ ಪಾಪ. ಕುಮಾರಸ್ವಾಮಿಗೆ ಹೋದ ವರ್ಷ ಯಾಸ್ಮಿನಳೇ ಹೇಳಿಬಿಟ್ಟಳು. ಆ ದಿನ ಸಂಜೆ ಅವನು ಲಕಮನಹಳ್ಳಿಗೆ ಬಂದ. ಎರಡು ರೊಟ್ಟಿ ಉಂಡು, ತಾಟು ತಾನೇ ತೊಳೆದಿಟ್ಟು ಹೋದ. ನಿಮಗೆ ಹೇಳುತ್ತೇನೆಂದ, ನಾನೇ ತಡೆದೆ. ಹಿತ್ತಲ ಬಾಗಿಲಲ್ಲಿ ಹೆಸರು ಹೇಳದೆ ಯಾಸ್ಮಿನ ಹೇಳುತ್ತಿದ್ದದ್ದು ಇದನ್ನೇ. ಹುಡುಗಿಗೆ ಅದು ಊರಿನ ದೊಡ್ಡ ಕಥೆ ಅನ್ನಿಸಿತು, ನಿಮ್ಮ ಹೊಟ್ಟೆಯ ಕಥೆ ಎಂದು ತಿಳಿಯಲಿಲ್ಲ.

ವಚನ ಮುರಿದೆ. ಮೇಲೆ ಅತ್ತಿಯವರು ಕೇಳಿದರೆ ನನ್ನ ಮಗಳನ್ನು ಉಳಿಸಿಕೊಳ್ಳಲು ಮುರಿದೆ ಎನ್ನುತ್ತೇನೆ. ಸೋಮವಾರ ನೀವು ಏನು ಮಾಡುತ್ತೀರೋ ಅದು ನಿಮಗೆ ಬಿಟ್ಟದ್ದು.

ಕರೀಮಾ

*

ಲಕಮನಹಳ್ಳಿ
೧೦ ಅಕ್ಟೋಬರ್ ೨೦೨೪

ಅಕ್ಕಾ,

ಕಾಗದ ಮುಟ್ಟಿದೆಯೆಂದು ಮುಕ್ತಾರ ಹೇಳಿದ. ನೀವು ಬಾಗಿಲಲ್ಲೇ ಇಸಿದುಕೊಂಡು ಒಳಗೆ ಹೋದಿರಂತೆ. ಯಾಸ್ಮಿನಳ ನಡಿಗೆ ನಿಂತಿಲ್ಲ. ಅಂದರೆ ನೀವು ಮ್ಯಾನೇಜರರ ಬಳಿ ಹೋಗಲಿಲ್ಲ. ಅಷ್ಟಂತೂ ಗೊತ್ತು. ಬೈದಾದರೂ ಎರಡು ಸಾಲು ಬರೆಯಿರಿ. ನಿಮ್ಮ ಸಿಟ್ಟಿಗೆ ನಾನು ಹೆದರಿದವಳಲ್ಲ, ಈ ಸುಮ್ಮನಿರುವುದು ನನ್ನಿಂದ ತಾಳಲಾಗುತ್ತಿಲ್ಲ.

ಕರೀಮಾ

*

ಹುಬ್ಬಳ್ಳಿ
೧೮ ನವೆಂಬರ್ ೨೦೨೪

ಕರೀಮಾ,

ಎರಡು ತಿಂಗಳು ಬರೆಯಲಿಲ್ಲ. ಬರೆಯಲು ಕೂತರೆ ಬರೀ ಬೈಗುಳವೇ ಬರುತ್ತಿತ್ತು. ನೀನು ಹಾಲು ಕೊಟ್ಟದ್ದಕ್ಕಲ್ಲ. ನಿನಗೆ ಗೊತ್ತು, ನಿನ್ನ ಮಕ್ಕಳಿಗೆ ಗೊತ್ತು, ಕೊನೆಗೆ ನನ್ನ ಮಗನಿಗೂ ಗೊತ್ತು. ಊರವರ ಉಪ್ಪಿನಕಾಯಿ ಭರಣಿಯೊಳಗೆ ಏನಿದೆಯೆಂದು ತಿಳಿದುಕೊಳ್ಳುವ ನನಗೆ ಮಾತ್ರ ನನ್ನ ಮನೆಯದು ಗೊತ್ತಿರಲಿಲ್ಲ. ಅತ್ತೆಯ ಫೋಟೋಕ್ಕೆ ಎರಡು ದಿನ ಹೂವು ಏರಿಸಲಿಲ್ಲ. ಮೂರನೆಯ ದಿನ ಏರಿಸಿದೆ, ಆಕೆಯ ಕಣ್ಣು ನನ್ನ ಬೆನ್ನ ಹಿಂದೆಯೇ ಇದ್ದ ಹಾಗಾಗುತ್ತಿತ್ತು.

ಮಗನನ್ನು ಕೇಳಿದೆ: “ನನಗ್ಯಾಕ ಹೇಳಲಿಲ್ಲೋ?”

“ನೀ ಅಳ್ತೀ ಅಂತ, ಅವ್ವಾ,” ಅಂದ.

ಇಷ್ಟು ಮಂದಿ ಸೇರಿ ನನ್ನನ್ನು ಅಳಿಸಬಾರದೆಂದು ಎಷ್ಟು ಕಷ್ಟ ಬಿದ್ದಿದ್ದೀರಿ. ಆ ದಿನ ಅವನ ಎದುರಿಗೇ ಕೂತು ಅತ್ತುಬಿಟ್ಟೆ. ನನಗೆ ಹೊಟ್ಟೆಕಿಚ್ಚೂ ಆಯಿತು, ಮುಚ್ಚಿಡುವುದಿಲ್ಲ. ಅವನ ಮೊದಲ ದಿನಗಳು ನಿನ್ನ ಮಡಿಲಲ್ಲಿ ಕಳೆದವು, ನನಗೆ ಒಂದೂ ನೆನಪಿಲ್ಲ. ಯಾವ ಕಡೆ ಮುಖ ಮಾಡಿ ಮಲಗುತ್ತಿದ್ದ, ಕುಡಿಯುವಾಗ ಮುಷ್ಟಿ ಕಟ್ಟುತ್ತಿದ್ದನೋ ಇಲ್ಲವೋ, ಎಲ್ಲ ನಿನ್ನನ್ನು ಕೇಳಬೇಕು. ಕೇಳುತ್ತೇನೆ, ಎಲ್ಲ ಹೇಳಬೇಕು.

ಇನ್ನೊಂದು ನಗೆಯ ಮಾತು. ಆಕಳ ಹಾಲಿನಿಂದ ನನ್ನ ಕೂಸು ಬದುಕಿತೆಂದು ಅತ್ತೆ ಹೇಳಿದ್ದರಲ್ಲ. ಇಪ್ಪತ್ತೇಳು ವರ್ಷ ದೀಪಾವಳಿ ಪಾಡ್ಯಕ್ಕೆ ಗೌಳಿಯವನ ಆಕಳಿಗೆ ಹೋಳಿಗೆ ತಿನ್ನಿಸಿ ಕಾಲಿಗೆ ಬಿದ್ದು ಬಂದಿದ್ದೇನೆ. ಈ ಸಲವೂ ತಿನ್ನಿಸಿದೆ. ಪಾಪ, ಆಕಳು ಏನು ತಪ್ಪು ಮಾಡಿದೆ.

ಅಮ್ಮಿನಬಾವಿಯವರು ಹೋದ ವಾರ ಬಂದಿದ್ದರು. ಮದುವೆ ಮಾಘದಲ್ಲಿ. ಕೊಡುವ ತರುವ ಸೀರೆಯ ಮಾತು ಬಂತು. ಹುಡುಗನ ತಾಯಿಗೆ ಎಂಥ ಸೀರೆ ತರೋಣವೆಂದು ಆರತಿಯ ಅಜ್ಜಿ ಕೇಳಿದರು. ಎರಡು ತರ್ರಿ ಎಂದೆ. ಅತಿಯಾಸೆಯ ಬೀಗತಿ ಸಿಕ್ಕಳೆಂದು ಅವರ ಮುಖದಲ್ಲೇ ಕಂಡಿತು.

“ಒಂದು ಹಡದಾಕಿಗಿ. ಇನ್ನೊಂದು ಹಾಲು ಕೊಟ್ಟಾಕಿಗಿ. ಆಕಿ ಹೆಸರು ಕರೀಮಾಬಿ,” ಎಂದು ಬಿಡಿಸಿ ಹೇಳಿದೆ.

ನಮ್ಮ ಮನೆಯವರಿಗೆ ಒಮ್ಮೆಲೇ ಕೆಮ್ಮು ಬಂತು. ನನ್ನ ಗಂಡನಿಗೂ ಈ ಸಂಗತಿ ಮೊದಲೇ ಗೊತ್ತಿತ್ತೋ ಏನೋ, ಆ ಅನುಮಾನ ನನಗೆ ಇನ್ನೂ ಇದೆ. ಅಮ್ಮಿನಬಾವಿಯವರು ಚಹಾ ಅರ್ಧಕ್ಕೆ ಬಿಟ್ಟು, ಊರಿಗೆ ಹೋಗಿ ತಿಳಿಸುತ್ತೇವೆಂದು ಎದ್ದರು. ಮುರಿಯಿತು ಎಂದುಕೊಂಡೆ. ಕುಮಾರಸ್ವಾಮಿ ನನ್ನ ಕಡೆ ನೋಡಿದ. ಮುರಿದರೆ ಮುರಿಯಲಿ, ಸುಳ್ಳಿನ ಮೇಲೆ ಮದುವೆಯ ಹಂದರ ಹಾಕಲಾರೆ ಎಂದು ಅವನಿಗೂ ಹೇಳಿದೆ. ಆದರೆ ಆ ವಾರವೆಲ್ಲ ನಿದ್ದೆ ಬರಲಿಲ್ಲ.

ನಿನ್ನೆ ಸಂಜೆ ಫೋನ್ ಬಂತು. ಮಾತಾಡಿದ್ದು ಆ ಹುಡುಗಿ ಆರತಿಯೇ. “ಎರಡನೇ ಅತ್ತಿಯವರಿಗೆ ಯಾವ ಬಣ್ಣ ಸೇರತದರಿ?” ಎಂದು ಕೇಳಿದಳು. ಆಕೆಯ ಅಜ್ಜಿ ಇನ್ನೂ ಮುಖ ಗಂಟು ಹಾಕಿಕೊಂಡೇ ಇದ್ದಾರಂತೆ. ಇರಲಿ, ಮದುವೆಯ ಊಟಕ್ಕೆ ಬಿಚ್ಚುತ್ತದೆ.

ನಿನ್ನನ್ನು ಕೇಳದೆಯೇ ಇಳಕಲ್ಲ ಸೀರೆ, ನೀಲಿ ಒಡಲು, ಕೆಂಪು ದಡಿ ಎಂದು ಹೇಳಿಬಿಟ್ಟಿದ್ದೇನೆ. ನನಗಿಂತ ಒಂದು ಬೆರಳು ದಡಿ ಅಗಲವಾಗಿದ್ದರೂ ನಡೆಯುತ್ತದೆ ಎಂದಿದ್ದೇನೆ, ಹೆಚ್ಚು ಅಗಲ ಬೇಡ. ಯಾಕೆ ಇದೆಲ್ಲ, ಜನ ಏನೆನ್ನುತ್ತಾರೆ ಎಂದು ರಾಗ ತೆಗೆಯಬೇಡ. ಉಟ್ಟುಕೊಂಡು ಬಾ. ಮಗನ ಮದುವೆಗೆ ತಾಯಿ ಹಳೆಯ ಸೀರೆಯಲ್ಲಿ ಬಂದರೆ ಚಂದ ಕಾಣುವುದಿಲ್ಲ.

ನಿನ್ನ,
ಶಿವಬಸಕ್ಕ